ಕತ್ತಲಲ್ಲಿ ಸ್ವಾಮಿಗೆ ಕಂಡದ್ದು

ಹಗ್ಗವನ್ನು ಹಾವೆಂದು ಭ್ರಮಿಸುವ ದೃಷ್ಟಾಂತ ನಮ್ಮ ವೇದಾಂತಿಗಳಿಗೆ ಬಹಳ ಪ್ರಿಯವಾದದ್ದು. ದೀಪ ಬಂದೊಡನೆ ಹಾವು ಮಾಯವಾಗುತ್ತದೆ, ಹಗ್ಗ ಉಳಿಯುತ್ತದೆ, ನೋಡಿದವನ ಅಜ್ಞಾನ ನೀಗುತ್ತದೆ. ತತ್ತ್ವಜ್ಞಾನಕ್ಕೆ ಇಷ್ಟು ಸಾಕು. ಆದರೆ ದೀಪ ಬರುವುದಕ್ಕೆ ಮುಂಚೆ ಆ ಮನುಷ್ಯನ ಎದೆ ಹೊಡೆದುಕೊಂಡದ್ದು, ಮೈ ಬೆವರಿದ್ದು, ಕಾಲು ಕಿತ್ತಿಡಲಾಗದೆ ನಿಂತದ್ದು ಇವು ಯಾವುವೂ ಸುಳ್ಳಲ್ಲ. ಹಾವು ಸುಳ್ಳಾದರೂ ಹೆದರಿಕೆ ನಿಜ. ಅದರಲ್ಲೂ ಹೆದರಿದವನು ಹತ್ತು ವರ್ಷದ ಹುಡುಗನಾದರೆ, ದೀಪ ತಂದ ಹಿರಿಯರು ನಗುತ್ತಾರೆಯೇ ಹೊರತು ಆ ಹೆದರಿಕೆ ಎಲ್ಲಿಂದ ಬಂತೆಂದು ಕೇಳುವುದಿಲ್ಲ. ನಗದೆ ಕೇಳಿದ ಕೆಲವೇ ಲೇಖಕರಲ್ಲಿ ಮೈಸೂರಿನ ಆರ್.ಕೆ. ನಾರಾಯಣ್ ಒಬ್ಬರು. ಅವರು 2001ರ ಮೇ 13ರಂದು ತೀರಿಕೊಂಡರು. ಅವರ ಬದುಕನ್ನು ಇಂಗ್ಲಿಷ್ ಸಾಹಿತ್ಯದ ಕೀರ್ತಿಯ ಕಥೆಯಾಗಿ ಹೇಳುವುದು ರೂಢಿ. ನಾನು ಅದನ್ನು ಹೆದರಿದ ಮಗುವೊಂದರ ಕಡೆಯಿಂದ ನೋಡಲು ಬಯಸುತ್ತೇನೆ.

ಹಾಗೆ ನೋಡಲು ನನಗೆ ಕಾರಣವಿದೆ. ನಾನು ಆಳಂದ ತಾಲ್ಲೂಕಿನ ಕಿಣ್ಣಿ ಸುಲ್ತಾನದ ಕಡೆಯವನು. ನಮ್ಮಲ್ಲಿ, ಹಾಗೆಯೇ ಅಫಜಲಪುರ ಮತ್ತು ಜೇವರ್ಗಿ ಭಾಗಗಳಲ್ಲಿ, ಶಾಲೆಯನ್ನು ಇಂದಿಗೂ ಸಾಲಿ ಎನ್ನುತ್ತೇವೆ. ಚಳಿಗಾಲದ ಸಂಜೆ ಬೇಗ ಕತ್ತಲಾದಾಗ, ಆಳೆತ್ತರ ಬೆಳೆದ ತೊಗರಿ ಹೊಲಗಳ ನಡುವಿನ ದಾರಿಯಲ್ಲಿ ತಾಂಡಾಗಳಿಗೆ, ಸಣ್ಣ ಊರುಗಳಿಗೆ ನಡೆದು ಹೋಗುವ ಮಕ್ಕಳಿಗೆ ಬೆದರುಗೊಂಬೆಯೂ ಮನುಷ್ಯನಂತೆ ಕಾಣುತ್ತದೆ. ಇಂಥ ಮಕ್ಕಳಿಗೆ ನಾರಾಯಣ್ ಅವರ ಸ್ವಾಮಿನಾಥನ ಕಥೆಯನ್ನು ನಮ್ಮ ಮಾತಿನಲ್ಲಿ ಹೇಳಿ ನೋಡಿದ್ದೇನೆ. ಮಾಲ್ಗುಡಿ ಎಲ್ಲಿದೆ ಎಂದು ಅವರು ಕೇಳುವುದಿಲ್ಲ. ಕಾಡಿನಲ್ಲಿ ನಿಜವಾಗಿ ಪ್ರಾಣಿಯಿತ್ತೇ ಎಂದೂ ಕೇಳುವುದಿಲ್ಲ. ಅವನನ್ನು ಹುಡುಕಿಕೊಂಡು ಯಾರು ಬಂದರು ಎಂದು ಕೇಳುತ್ತಾರೆ. ಆ ಪ್ರಶ್ನೆಯೇ ಈ ಲೇಖನಕ್ಕೆ ಪ್ರೇರಣೆ.

ನಾರಾಯಣ್ ಹುಟ್ಟಿದ್ದು 1906ರ ಅಕ್ಟೋಬರ್ 10ರಂದು, ಮದರಾಸಿನಲ್ಲಿ. ತಂದೆ ಆರ್.ವಿ. ಕೃಷ್ಣಸ್ವಾಮಿ ಅಯ್ಯರ್ ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆಯಲ್ಲಿ ಮುಖ್ಯೋಪಾಧ್ಯಾಯರು. ವರ್ಗಾವಣೆಯ ನೌಕರಿ, ದೊಡ್ಡ ಸಂಸಾರ. ಹೀಗಾಗಿ ಬಾಲಕ ನಾರಾಯಣ್ ತಂದೆತಾಯಿಯರಿಂದ ದೂರ, ಮದರಾಸಿನ ಪುರಸವಾಕ್ಕಂನಲ್ಲಿ ಅಜ್ಜಿಯ ಮನೆಯಲ್ಲಿ ಬೆಳೆದರು. ಚನ್ನಪಟ್ಟಣ, ಹಾಸನಗಳಲ್ಲಿದ್ದ ಮನೆಯವರನ್ನು ನೋಡುತ್ತಿದ್ದುದು ರಜೆಯಲ್ಲಿ. ಒಂಟಿ ಹುಡುಗನಿಗೆ ಜೊತೆಗಾರರೆಂದರೆ ಒಂದು ನವಿಲು ಮತ್ತು ಒಂದು ಕೋತಿ. ಮಗ್ಗಿ, ಪದ್ಯ, ಪುರಾಣ ಎಲ್ಲವೂ ಅಜ್ಜಿಯಿಂದ. ಮುಂದೆ ಸ್ವಾಮಿನಾಥನ ಮನೆಯಲ್ಲಿ ನಾವು ಕಾಣುವ ಅಜ್ಜಿಯ ಮೂಲ ಇಲ್ಲಿದೆ. ಹಗಲೆಲ್ಲ ಅವಳನ್ನು ಅಲಕ್ಷಿಸುವ ಮೊಮ್ಮಗ ರಾತ್ರಿಯಾದೊಡನೆ ಅವಳ ಮಗ್ಗುಲನ್ನು ಹುಡುಕುತ್ತಾನೆ.

ಮನೆಯ ಹತ್ತಿರವಿದ್ದ ಲುಥೆರನ್ ಮಿಷನ್ ಶಾಲೆಗೆ ಹುಡುಗನನ್ನು ಸೇರಿಸಲಾಯಿತು. ಮನೆಯಲ್ಲಿ ಅಜ್ಜಿ ಕೈಮುಗಿಯುವ ದೇವರುಗಳನ್ನು ಶಾಲೆಯಲ್ಲಿ ಹೀಯಾಳಿಸುವ ಪಾಠ ನಡೆಯುತ್ತಿತ್ತು. ಎಳೆಯ ಮನಸ್ಸಿಗೆ ಇದು ಬಗೆಹರಿಯದ ಗೊಂದಲ. ಪೂಜ್ಯರೆಂದು ತಿಳಿದ ಇಬ್ಬರು ಹಿರಿಯರಲ್ಲಿ ಒಬ್ಬರ ಮಾತು ಸುಳ್ಳಾಗಲೇಬೇಕು. ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕಾದಂಬರಿಯ ಆರಂಭದಲ್ಲೇ ಎಬೆನೇಜರ್ ಎಂಬ ಮಾಸ್ತರರ ತರಗತಿ ಬರುವುದು, ಸ್ವಾಮಿ ಎದ್ದು ಪ್ರತಿಪ್ರಶ್ನೆ ಹಾಕಿ ಕಿವಿ ಹಿಂಡಿಸಿಕೊಳ್ಳುವುದು ಈ ಅನುಭವದ ಫಲ. ನಾರಾಯಣ್ ಇದನ್ನು ಧರ್ಮಗಳ ಜಗಳವಾಗಿ ಬೆಳೆಸಲಿಲ್ಲ. ಹಿರಿಯರ ಜಗತ್ತಿನಲ್ಲಿ ಯಾವುದು ನಿಜವೆಂದು ತಿಳಿಯದ ಹುಡುಗನ ಸ್ಥಿತಿಯಾಗಿ ಅದನ್ನು ಕಂಡರು.

1914ರ ಸೆಪ್ಟೆಂಬರ್ 22ರ ರಾತ್ರಿ ಜರ್ಮನಿಯ ಎಮ್ಡನ್ ಎಂಬ ಯುದ್ಧನೌಕೆ ಮದರಾಸಿನ ಮೇಲೆ ಗುಂಡು ಹಾರಿಸಿತು. ಬಂದರಿನ ಬಳಿಯ ಎಣ್ಣೆ ಟ್ಯಾಂಕುಗಳು ಹೊತ್ತಿ ಉರಿದವು. ನೌಕೆ ಮತ್ತೆ ಬರಬಹುದೆಂಬ ಭೀತಿಯಿಂದ ಸಹಸ್ರಾರು ಜನ ಊರು ಬಿಟ್ಟರು. ಅದು ಮತ್ತೆ ಬರಲಿಲ್ಲ. ಆದರೆ ಆ ಹೆಸರು ತಮಿಳಿನ ಆಡುಮಾತಿನಲ್ಲಿ ಒಂದು ಪದವಾಗಿಯೇ ಉಳಿಯಿತು. ನಾರಾಯಣ್ ಅವರಿಗೆ ಆಗ ಎಂಟು ತುಂಬಲು ಕೆಲವೇ ದಿನ ಬಾಕಿಯಿತ್ತು. ದಶಕಗಳ ಅನಂತರ ಅವರು ಅದೇ ಹೆಸರಿನ ಒಂದು ಕಥೆ ಬರೆದರು. ಇಲ್ಲದ ಹಡಗಿಗೆ ಒಂದು ನಗರವೇ ಹೆದರಬಹುದಾದರೆ, ಇಲ್ಲದ ಹುಲಿಗೆ ಹುಡುಗನೊಬ್ಬ ಹೆದರುವುದರಲ್ಲಿ ನಗುವಂಥದ್ದೇನಿದೆ?

ತಂದೆಗೆ ಮೈಸೂರಿನ ಮಹಾರಾಜ ಕಾಲೇಜಿಯೇಟ್ ಹೈಸ್ಕೂಲಿಗೆ ವರ್ಗವಾದಾಗ ನಾರಾಯಣ್ ಮನೆಯವರ ಬಳಿಗೆ ಬಂದರು. ತಂದೆಯೇ ಶಾಲೆಯ ಮುಖ್ಯಸ್ಥ. ಗ್ರಂಥಾಲಯದ ಬಾಗಿಲು ತೆರೆದಿತ್ತು, ಓದು ಮಿತಿಯಿಲ್ಲದೆ ಸಾಗಿತು. ಪರೀಕ್ಷೆ ಮಾತ್ರ ಒಲಿಯಲಿಲ್ಲ. ಕಾಲೇಜು ಪ್ರವೇಶದ ಪರೀಕ್ಷೆಯಲ್ಲಿ ಅವರು ಅನುತ್ತೀರ್ಣರಾದರು. ಮುಂದೆ ಇಂಗ್ಲಿಷಿನಲ್ಲಿ ಬರೆದು ಲೋಕಪ್ರಸಿದ್ಧರಾದವರು ಆಗ ತೇರ್ಗಡೆಯಾಗದೆ ಹೋದ ವಿಷಯ ಇಂಗ್ಲಿಷೇ. ಮುಖ್ಯೋಪಾಧ್ಯಾಯರ ಮಗ ನಪಾಸಾದದ್ದು ಸಣ್ಣ ಊರಿನಲ್ಲಿ ಎಷ್ಟು ದೊಡ್ಡ ಸುದ್ದಿಯೆಂಬುದನ್ನು ಊಹಿಸಬಹುದು. ಒಂದು ವರ್ಷ ಕುಕ್ಕರಹಳ್ಳಿ ಕೆರೆಯ ದಂಡೆ, ಚಾಮುಂಡಿ ಬೆಟ್ಟದ ತಪ್ಪಲು, ಕೈಯಲ್ಲೊಂದು ಪುಸ್ತಕ, ಹೀಗೆ ಕಳೆಯಿತು. ಅನಂತರ ಮಹಾರಾಜ ಕಾಲೇಜು ಸೇರಿ 1930ರಲ್ಲಿ ಬಿ.ಎ. ಮುಗಿಸಿದರು. ಆಗ ಅವರಿಗೆ ಇಪ್ಪತ್ತಮೂರು ದಾಟಿತ್ತು.

ಪದವಿಯ ಬಳಿಕ ಚನ್ನಪಟ್ಟಣದ ಸರ್ಕಾರಿ ಶಾಲೆಯಲ್ಲಿ ಮಾಸ್ತರಿಕೆ ದೊರೆಯಿತು. ಅದು ಬಹಳ ದಿನ ನಡೆಯಲಿಲ್ಲ. ವ್ಯಾಯಾಮದ ಮಾಸ್ತರರು ಬಾರದಿದ್ದಾಗ ಅವರ ಬದಲಿಗೆ ಹುಡುಗರಿಗೆ ಡ್ರಿಲ್ ಮಾಡಿಸುವಂತೆ ಮುಖ್ಯೋಪಾಧ್ಯಾಯರು ಹೇಳಿದರು. ನಾರಾಯಣ್ ಕೆಲಸ ಬಿಟ್ಟು ಹೊರಟರು. ಇದನ್ನು ತಮಾಷೆಯ ಪ್ರಸಂಗವೆಂದು ಅವರ ಜೀವನಚರಿತ್ರೆಗಳಲ್ಲಿ ಹೇಳಲಾಗುತ್ತದೆ. ಸ್ವಾಮಿನಾಥ ಕಾಡಿಗೆ ಓಡಿಹೋಗುವುದೂ ಡ್ರಿಲ್ ತರಗತಿಯ ದೆಸೆಯಿಂದಲೇ ಎಂಬುದನ್ನು ನೆನೆದಾಗ ಮಾತ್ರ ಇದರ ತೂಕ ತಿಳಿಯುತ್ತದೆ. ಸಾಲಾಗಿ ನಿಲ್ಲಿಸಿ ಒಂದೇ ಹೆಜ್ಜೆ ಹಾಕಿಸುವ ವ್ಯವಸ್ಥೆಯನ್ನು ಒಪ್ಪದ ಮಾಸ್ತರ ರಾಜೀನಾಮೆ ಕೊಡಬಲ್ಲ. ಒಪ್ಪದ ಹುಡುಗನಿಗೆ ಆ ಸೌಲಭ್ಯವಿಲ್ಲ.

1930ರ ವಿಜಯದಶಮಿಯಂದು, ಬೆಂಗಳೂರಿನಲ್ಲಿ ಒಂದು ನೋಟ್‌ಬುಕ್ ಕೊಂಡು ನಾರಾಯಣ್ ಕಾದಂಬರಿ ಬರೆಯತೊಡಗಿದರು. ಅಕ್ಷರಾಭ್ಯಾಸಕ್ಕೆ ನಾವು ಆರಿಸುವ ದಿನವದು. ಮೊದಲು ಕಣ್ಣಿಗೆ ಕಟ್ಟಿದ್ದು ಒಂದು ಪುಟ್ಟ ರೈಲು ನಿಲ್ದಾಣ, ಅದರ ಫಲಕದ ಮೇಲೆ ಮಾಲ್ಗುಡಿ ಎಂಬ ಹೆಸರು. ಸರಯೂ ನದಿ, ಮೆಂಪಿ ಕಾಡು, ಆಲ್ಬರ್ಟ್ ಮಿಷನ್ ಶಾಲೆ ಒಂದೊಂದಾಗಿ ಸೇರಿಕೊಂಡವು. ಬರವಣಿಗೆಯೇ ಉದ್ಯೋಗವೆಂದು ಆ ತರುಣ ಘೋಷಿಸಿಕೊಂಡಾಗ ಮನೆಯಲ್ಲಿ ಆತಂಕ ಮೂಡಿದ್ದು ಸಹಜ. ಮೊದಲ ವರ್ಷದ ಲೇಖನಸಂಪಾದನೆ ಒಂಬತ್ತು ರೂಪಾಯಿ ಹನ್ನೆರಡು ಆಣೆ.

ಕಾದಂಬರಿಯಲ್ಲಿ ನಡೆಯುವುದನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡಬೇಕು. ಸ್ವಾಮಿನಾಥ ವಕೀಲರೊಬ್ಬರ ಮಗ. 1930ರ ಆಗಸ್ಟ್ 15ರಂದು ಮಾಲ್ಗುಡಿಯಲ್ಲಿ ನಡೆಯುವ ಪ್ರತಿಭಟನೆಯ ಮರುದಿನ ಶಾಲೆಯ ಕಿಟಕಿಯ ಗಾಜು ಒಡೆದು ಅವನು ಆಲ್ಬರ್ಟ್ ಮಿಷನ್ ಶಾಲೆ ಕಳೆದುಕೊಳ್ಳುತ್ತಾನೆ. ಆ ತಾರೀಖು ಹದಿನೇಳು ವರ್ಷಗಳ ಅನಂತರ ಪಡೆಯಲಿದ್ದ ಅರ್ಥ ಬರೆಯುವಾಗ ಯಾರಿಗೂ ತಿಳಿದಿರಲಿಲ್ಲ. ಸ್ವಾಮಿ ಬೋರ್ಡ್ ಹೈಸ್ಕೂಲ್ ಸೇರುತ್ತಾನೆ. ಗೆಳೆಯ ರಾಜಮ್ ಕಟ್ಟಿದ ಎಂ.ಸಿ.ಸಿ. ಎಂಬ ಕ್ರಿಕೆಟ್ ತಂಡಕ್ಕೆ ಅವನೇ ಮುಖ್ಯ ಬೌಲರ್. ಯಂಗ್ ಮೆನ್ಸ್ ಯೂನಿಯನ್ ಎಂಬ ತಂಡದೊಡನೆ ಪಂದ್ಯ ಗೊತ್ತಾಗುತ್ತದೆ. ಅಭ್ಯಾಸ ಸಂಜೆ, ಡ್ರಿಲ್ ಕೂಡ ಸಂಜೆ. ಎರಡಕ್ಕೂ ಸಲ್ಲಲು ಹುಡುಗನಿಗೆ ಸಾಧ್ಯವಿಲ್ಲ.

ಅವನು ಒಬ್ಬ ವೈದ್ಯರ ಬಳಿ ಹೋಗುತ್ತಾನೆ. ತನಗೆ ಕಾಯಿಲೆಯಿದೆ, ಡ್ರಿಲ್‌ನಿಂದ ವಿನಾಯಿತಿ ಬೇಕು ಎನ್ನುತ್ತಾನೆ. ವೈದ್ಯರು ನಗುನಗುತ್ತ ತಾನು ಮುಖ್ಯೋಪಾಧ್ಯಾಯರೊಡನೆ ಮಾತನಾಡುವೆನೆಂದು ಸಾಗಹಾಕುತ್ತಾರೆ. ಹಿರಿಯರಿಗೆ ಅದು ಮಗುವನ್ನು ರಮಿಸುವ ಮಾತು. ಸ್ವಾಮಿಗೆ ಅದು ವಾಗ್ದಾನ. ನಂಬಿ ದಿನವೂ ಆಟಕ್ಕೆ ಹೋಗುತ್ತಾನೆ. ಮುಖ್ಯೋಪಾಧ್ಯಾಯರು ಬೆತ್ತ ಹಿಡಿದು ನಿಂತಾಗ ತಾನು ನಂಬಿದ ನೆಲವೇ ಕುಸಿದ ಅನುಭವ ಅವನಿಗೆ. ಬೆತ್ತವನ್ನು ಕಸಿದು ಕಿಟಕಿಯಾಚೆ ಎಸೆದು ಓಡುತ್ತಾನೆ. ಶಾಲೆಗೆ ಮರಳುವಂತಿಲ್ಲ, ಮನೆಗೆ ಹೋದರೆ ತಂದೆ. ಊರು ಬಿಡದೆ ದಾರಿಯಿಲ್ಲವೆಂದು ಅವನ ಪುಟ್ಟ ತರ್ಕ ತೀರ್ಮಾನಿಸುತ್ತದೆ.

ಮೆಂಪಿ ರಸ್ತೆಯಲ್ಲಿ ಹಸಿವಾದಾಗ ಸಿಟ್ಟು ಇಳಿಯುತ್ತದೆ. ಮನೆಗೆ ಹಿಂದಿರುಗಬೇಕೆನಿಸುತ್ತದೆ. ಆದರೆ ದಾರಿ ತಪ್ಪಿದೆ, ಕತ್ತಲಾಗಿದೆ. ಎಲೆಯ ಸಪ್ಪಳ ಹೆಜ್ಜೆಯ ಸಪ್ಪಳವಾಗುತ್ತದೆ. ಮರಗಳ ಕರಿಯ ಆಕಾರಗಳು ಮೃಗಗಳಾಗಿ, ದೆವ್ವಗಳಾಗಿ ಸುತ್ತುವರಿಯುತ್ತವೆ. ಅವನು ಬಲ್ಲ ದೇವರನ್ನೆಲ್ಲ ಕರೆದು, ಓಡಿ, ಬಳಲಿ ಬೀಳುತ್ತಾನೆ. ಇಲ್ಲಿ ನಾರಾಯಣ್ ತಮ್ಮ ಎಂದಿನ ತುಂಟ ದನಿಯನ್ನು ಬಹುಮಟ್ಟಿಗೆ ಕೆಳಗಿಡುತ್ತಾರೆ. ನಿರೂಪಕ ಮೇಲೆ ನಿಂತು ಅದು ಬರಿಯ ಮರವೆಂದು ನಮಗೆ ಕಣ್ಣು ಮಿಟುಕಿಸುವುದಿಲ್ಲ. ನಾವೂ ಹುಡುಗನೊಡನೆ ಅದೇ ಎತ್ತರದಲ್ಲಿ ನಿಂತು ನೋಡಬೇಕು. ಮಕ್ಕಳು ಈ ಕಾದಂಬರಿಯನ್ನು ತಮ್ಮದೆಂದು ಒಪ್ಪಿಕೊಂಡದ್ದು ಇದರಿಂದಲೇ ಎಂದು ನನ್ನ ನಂಬಿಕೆ. ನಾರಾಯಣ್ ಇದನ್ನು ಮಕ್ಕಳಿಗೆಂದೇ ಬರೆಯಲಿಲ್ಲ. ಮಕ್ಕಳ ಕಾದಂಬರಿಯೆಂಬ ಹೆಸರು ಓದುಗರಿಂದ, ಪಠ್ಯಪುಸ್ತಕಗಳಿಂದ ಅದಕ್ಕೆ ಬಂತು.

ಆ ರಾತ್ರಿ ಮಾಲ್ಗುಡಿಯಲ್ಲಿ ಇನ್ನೊಬ್ಬರೂ ಹೆದರಿದ್ದಾರೆ. ಸ್ವಾಮಿಯ ತಂದೆ ಊರೆಲ್ಲ ಅಲೆದು, ನದಿಯ ದಡದಲ್ಲೂ ರೈಲು ಹಳಿಯ ಬಳಿಯಲ್ಲೂ ಕೆಟ್ಟ ಊಹೆಗಳೊಡನೆ ಮಗನನ್ನು ಹುಡುಕುತ್ತಾರೆ. ಆ ಕತ್ತಲಲ್ಲಿ ವಿದ್ಯಾವಂತ ವಕೀಲನಿಗೂ ಇಲ್ಲದ್ದೇ ಕಾಣುತ್ತದೆ. ಮಗನ ಭ್ರಮೆಗೂ ತಂದೆಯ ಭ್ರಮೆಗೂ ಸ್ವರೂಪದಲ್ಲಿ ಭೇದವಿಲ್ಲ. ಭೇದವಿರುವುದು ಒಂದೇ ಕಡೆ. ತಂದೆಯ ಹೆದರಿಕೆಯನ್ನು ಲೋಕ ಪ್ರೀತಿಯೆಂದು ಕರೆಯುತ್ತದೆ, ಮಗನದನ್ನು ಪುಕ್ಕಲುತನವೆಂದು.

ಬೆಳಗಾದ ಮೇಲೆ ಒಬ್ಬ ಗಾಡಿಯವನು ಹುಡುಗನನ್ನು ಕಾಣುತ್ತಾನೆ. ಜಿಲ್ಲಾ ಅರಣ್ಯಾಧಿಕಾರಿ ನಾಯರ್ ಅವನನ್ನು ಆರೈಕೆ ಮಾಡಿ ಮನೆ ಸೇರಿಸುತ್ತಾರೆ. ಪಂದ್ಯ ಕೈತಪ್ಪಿದೆ, ತಂಡ ಸೋತಿದೆ, ರಾಜಮ್ ಮುನಿದಿದ್ದಾನೆ. ರಾಜಮ್ ಊರು ಬಿಡುವ ದಿನ ಸ್ವಾಮಿ ರೈಲು ನಿಲ್ದಾಣಕ್ಕೆ ಓಡಿ ಆಂಡರ್ಸನ್ ಕಥೆಗಳ ಪುಸ್ತಕವನ್ನು ಉಡುಗೊರೆಯಾಗಿ ನೀಡುತ್ತಾನೆ. ಗೆಳೆಯ ಕ್ಷಮಿಸಿದನೋ ಇಲ್ಲವೋ ತಿಳಿಯದು. ಇನ್ನೊಬ್ಬ ಗೆಳೆಯ ಮಣಿ ಸಮಾಧಾನ ಹೇಳುತ್ತಾನೆ. ಆ ಸಮಾಧಾನ ನಿಜವೋ ಕನಿಕರದ ಸುಳ್ಳೋ ಎಂದು ಮಣಿಯ ಮುಖ ನೋಡಿದರೂ ಸ್ವಾಮಿಗೆ ಗೊತ್ತಾಗುವುದಿಲ್ಲ. ಕಾಡಿನ ಮೃಗಗಳು ಬೆಳಕಿಗೆ ಕರಗಿದವು. ಮನುಷ್ಯನ ಮುಖ ಹಗಲಿನಲ್ಲೂ ಒಗಟಾಗಿಯೇ ಉಳಿಯಿತು. ಬಾಲ್ಯ ಮುಗಿಯುವುದು ಇಲ್ಲಿ.

ಹಸ್ತಪ್ರತಿ ಲಂಡನ್ನಿನ ಪ್ರಕಾಶಕರಿಂದ ಮರಳಿ ಮರಳಿ ಬಂತು. ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದ ಗೆಳೆಯ ಕಿಟ್ಟು ಪೂರ್ಣ ಅವರಿಗೆ, ಇನ್ನು ಇದಕ್ಕೊಂದು ಕಲ್ಲು ಕಟ್ಟಿ ಥೇಮ್ಸ್ ನದಿಗೆ ಎಸೆಯುವಂತೆ ನಾರಾಯಣ್ ಬರೆದರು. ಗೆಳೆಯ ಹಾಗೆ ಮಾಡದೆ ಅದನ್ನು ಗ್ರಹಾಂ ಗ್ರೀನ್ ಅವರಿಗೆ ಕೊಟ್ಟರು. ಗ್ರೀನ್ ಅವರ ಶಿಫಾರಸಿನಿಂದ 1935ರಲ್ಲಿ ಹ್ಯಾಮಿಶ್ ಹ್ಯಾಮಿಲ್ಟನ್ ಸಂಸ್ಥೆ ಕಾದಂಬರಿಯನ್ನು ಪ್ರಕಟಿಸಿತು. ಪುಸ್ತಕದ ಹೆಸರೂ ಲೇಖಕರ ಹೆಸರೂ ಆಗಲೇ ಇಂದಿನ ರೂಪಕ್ಕೆ ಬಂದವು. ವಿಮರ್ಶಕರು ಮೆಚ್ಚಿದರು, ಪ್ರತಿಗಳು ಹೆಚ್ಚು ಮಾರಾಟವಾಗಲಿಲ್ಲ. ಗ್ರೀನ್ ಮತ್ತು ನಾರಾಯಣ್ ಮುಖತಃ ಭೇಟಿಯಾದದ್ದು ಎರಡು ದಶಕಗಳ ಬಳಿಕ, 1956ರಲ್ಲಿ.

ಈ ನಡುವೆ ಬದುಕು ಅವರಿಗೆ ಬೇರೊಂದು ಕತ್ತಲನ್ನು ತೋರಿಸಿತು. 1933ರಲ್ಲಿ ಕೊಯಮತ್ತೂರಿನಲ್ಲಿ ಬೀದಿಯ ನಲ್ಲಿಯಿಂದ ನೀರು ಹಿಡಿಯುತ್ತಿದ್ದ ರಾಜಮ್ ಎಂಬ ಹುಡುಗಿಯನ್ನು ಕಂಡು ಮೆಚ್ಚಿದರು. ಜಾತಕ ಕೂಡಿಬರದಿದ್ದರೂ ಹಟ ಹಿಡಿದು ಮದುವೆಯಾದರು. ಹೇಮಾ ಎಂಬ ಮಗಳು ಹುಟ್ಟಿದಳು. 1939ರಲ್ಲಿ ರಾಜಮ್ ವಿಷಮಶೀತ ಜ್ವರದಿಂದ ತೀರಿಕೊಂಡರು. ಮೂವತ್ತಮೂರು ತುಂಬದ ತಂದೆ, ಏನೂ ಅರಿಯದ ಎಳೆಯ ಮಗಳು. ಬರವಣಿಗೆ ನಿಂತಿತು. ಮದರಾಸಿನಲ್ಲಿ ಪರಲೋಕದೊಡನೆ ಸಂಪರ್ಕ ಸಾಧಿಸುವೆನೆಂದು ಹೇಳುತ್ತಿದ್ದ ಒಬ್ಬರ ಮೂಲಕ, ತೀರಿಹೋದ ಪತ್ನಿಯಿಂದ ಬಂದವೆನ್ನಲಾದ ಬರಹರೂಪದ ಸಂದೇಶಗಳನ್ನು ನಾರಾಯಣ್ ಪಡೆಯತೊಡಗಿದರು. 1945ರಲ್ಲಿ ಬಂದ ‘ದಿ ಇಂಗ್ಲಿಷ್ ಟೀಚರ್’ ಕಾದಂಬರಿಯ ಉತ್ತರಾರ್ಧ ಈ ಅನುಭವದಿಂದಲೇ ಮೂಡಿದೆ. ಕೆಲವು ವಿಮರ್ಶಕರಿಗೆ ಅದು ಒಪ್ಪಿಗೆಯಾಗಲಿಲ್ಲ.

ಪರಲೋಕದ ಸಂದೇಶಗಳನ್ನು ನಾನು ನಂಬುವವನಲ್ಲ. ಆದರೂ ಆ ಪುಟಗಳನ್ನು ಓದಿ ನಗಲು ನನಗೆ ಆಗಿಲ್ಲ. ಕತ್ತಲಲ್ಲಿ ಒಂಟಿಯಾದ ಹುಡುಗ ಹೆದರಿಕೆಯಿಂದ ಇಲ್ಲದ್ದನ್ನು ಕಂಡ. ದುಃಖದಲ್ಲಿ ಒಂಟಿಯಾದ ಗಂಡ ಹಂಬಲದಿಂದ ಇಲ್ಲದವಳನ್ನು ಕೇಳಿಸಿಕೊಂಡ. ಮೊದಲನೆಯದನ್ನು ಬರೆಯುವಾಗ ನಾರಾಯಣ್ ಹುಡುಗನನ್ನು ಗೌರವಿಸಿದ್ದರಿಂದಲೇ ಎರಡನೆಯದನ್ನು ನಾಚಿಕೆಯಿಲ್ಲದೆ ಬರೆಯಲು ಅವರಿಗೆ ಸಾಧ್ಯವಾಯಿತು. ಅವರು ಮತ್ತೆ ಮದುವೆಯಾಗಲಿಲ್ಲ.

ಸ್ವಾಮಿ ಮತ್ತೆ ಸಣ್ಣಕಥೆಗಳಲ್ಲಿ ಬಂದ. ಅವುಗಳಲ್ಲಿ ಒಂದು ನಮ್ಮ ವಿಷಯಕ್ಕೆ ತೀರ ಹತ್ತಿರದ್ದು. ಹುಲಿಯೊಡನೆ ಹೋರಾಡಿದ ಹಳ್ಳಿಯ ಹುಡುಗನ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ತಂದೆ, ಧೈರ್ಯ ಕಲಿಸುವುದಕ್ಕೆಂದು ಸ್ವಾಮಿಯನ್ನು ಅಜ್ಜಿಯ ಮಗ್ಗುಲಿನಿಂದ ಎಬ್ಬಿಸಿ ತಮ್ಮ ಕಚೇರಿಯ ಕೋಣೆಯಲ್ಲಿ ಒಬ್ಬನೇ ಮಲಗಿಸುತ್ತಾರೆ. ಬೆಂಚಿನ ಕೆಳಗೆ ಮುದುಡಿದ ಹುಡುಗ ಕತ್ತಲಲ್ಲಿ ಏನೋ ಚಲಿಸುವುದನ್ನು ಕಂಡು, ದೆವ್ವವೇ ಬಂತೆಂದು ತಿಳಿದು, ಅದರ ಕಾಲಿಗೆ ಬಾಯಿ ಹಾಕಿ ಕಚ್ಚುತ್ತಾನೆ. ಅದು ದೆವ್ವವಲ್ಲ, ಕಳ್ಳ. ಮರುದಿನ ಊರೆಲ್ಲ ಅವನನ್ನು ವೀರನೆಂದು ಕೊಂಡಾಡುತ್ತದೆ. ಹುಡುಗನ ತಪ್ಪು ಗ್ರಹಿಕೆ ಒಂದೇ ರಾತ್ರಿಯದು. ಅವನಲ್ಲಿ ಇಲ್ಲದ ಶೌರ್ಯವನ್ನು ಕಾಣುವ ಹಿರಿಯರ ತಪ್ಪು ಗ್ರಹಿಕೆ ಹಗಲಿನಲ್ಲೇ ನಡೆಯುತ್ತದೆ, ಅದಕ್ಕೆ ಯಾರೂ ದೀಪ ತರುವುದಿಲ್ಲ. ವೀರ ಮಾತ್ರ ಆ ರಾತ್ರಿ ಸದ್ದಿಲ್ಲದೆ ಅಜ್ಜಿಯ ಮಗ್ಗುಲಿಗೆ ಸೇರಿಕೊಳ್ಳುತ್ತಾನೆ.

ಮುಂದಿನ ವರ್ಷಗಳ ಕೀರ್ತಿ ಎಲ್ಲರಿಗೂ ತಿಳಿದದ್ದು. 1958ರ ‘ದಿ ಗೈಡ್’ ಕಾದಂಬರಿಗೆ 1960ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, 1964ರಲ್ಲಿ ಪದ್ಮಭೂಷಣ, 2000ದಲ್ಲಿ ಪದ್ಮವಿಭೂಷಣ. 1980ರ ದಶಕದ ಉತ್ತರಾರ್ಧದಲ್ಲಿ ಶಂಕರ್ ನಾಗ್ ಆಗುಂಬೆಯನ್ನು ಮಾಲ್ಗುಡಿಯಾಗಿಸಿ ದೂರದರ್ಶನಕ್ಕೆ ‘ಮಾಲ್ಗುಡಿ ಡೇಸ್’ ನಿರ್ಮಿಸಿದರು. ಮಾಸ್ಟರ್ ಮಂಜುನಾಥ್ ಸ್ವಾಮಿಯಾದರು, ಗಿರೀಶ ಕಾರ್ನಾಡರು ತಂದೆಯಾದರು, ಆರ್.ಕೆ. ಲಕ್ಷ್ಮಣ್ ಅಣ್ಣನ ಲೋಕಕ್ಕೆ ರೇಖೆ ಬರೆದರು. ನಮ್ಮ ಕಲಬುರಗಿ ಜಿಲ್ಲೆಗೆ ಟಿ.ವಿ. ಬೇಗ ಬಂದಿತ್ತು. 1975–76ರ ಉಪಗ್ರಹ ಶಿಕ್ಷಣ ಪ್ರಯೋಗಕ್ಕೆ ಕರ್ನಾಟಕದಲ್ಲಿ ಆರಿಸಿಕೊಂಡ ಜಿಲ್ಲೆಗಳಲ್ಲಿ ಗುಲಬರ್ಗಾ, ವಿಜಾಪುರ, ರಾಯಚೂರು ಸೇರಿದ್ದವು. ಹಾಗಾಗಿ ಇಂಗ್ಲಿಷ್ ಓದಲಾರದ ನಮ್ಮ ಎಷ್ಟೋ ಮನೆಗಳಿಗೆ ಸ್ವಾಮಿ ಮೊದಲು ಬಂದದ್ದು ತೆರೆಯ ಮೇಲಿನಿಂದ, ಹಿಂದಿ ಮಾತನಾಡುತ್ತ.

ಈ ಕೀರ್ತಿಗಿಂತ ದೊಡ್ಡದೆಂದು ನನಗೆ ತೋರುವ ಸಂಗತಿ ಬೇರೆಯಿದೆ. 1986ರಲ್ಲಿ ನಾರಾಯಣ್ ರಾಜ್ಯಸಭೆಗೆ ನಾಮಕರಣಗೊಂಡರು. 1989ರಲ್ಲಿ, ಎಂಬತ್ತೆರಡರ ವಯಸ್ಸಿನಲ್ಲಿ, ಮೊದಲ ಭಾಷಣ ಮಾಡಿದರು. ಸಾಹಿತ್ಯ, ಸಂಸ್ಕೃತಿ, ಗ್ರಂಥಸ್ವಾಮ್ಯ ಯಾವುದನ್ನೂ ಎತ್ತಿಕೊಳ್ಳದೆ ಶಾಲಾಮಕ್ಕಳ ಚೀಲದ ಭಾರವನ್ನು ಕುರಿತು ಮಾತನಾಡಿದರು. ಬೆನ್ನು ಬಾಗಿ, ಕೈಗಳು ಮುಂದಕ್ಕೆ ಜೋತು ನಡೆಯುವ ಮಕ್ಕಳ ಚಿತ್ರವನ್ನು ಸದನದ ಮುಂದಿಟ್ಟರು. ಆಟಕ್ಕೂ ಕನಸಿಗೂ ಬಿಡುವಿಲ್ಲದೆ ಬಾಲ್ಯವೇ ಬತ್ತುತ್ತಿದೆಯೆಂದರು. ಸ್ವಾಮಿನಾಥನನ್ನು ಸೃಷ್ಟಿಸಿ ಅರ್ಧ ಶತಮಾನ ಕಳೆದ ಮೇಲೂ ಅವರು ಅವನ ಪರವಾಗಿಯೇ ವಾದಿಸುತ್ತಿದ್ದರು.

ಆ ಮಾತು ಹಾಗೆಯೇ ಗಾಳಿಗೆ ಹೋಗಲಿಲ್ಲ. 1992ರಲ್ಲಿ ಕೇಂದ್ರ ಸರ್ಕಾರ ವಿಜ್ಞಾನಿ ಯಶಪಾಲ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. ಹೊರೆಯಿಲ್ಲದ ಕಲಿಕೆಯನ್ನು ಕುರಿತ ಅದರ ವರದಿ 1993ರಲ್ಲಿ ಬಂತು. ಚೀಲದ ತೂಕಕ್ಕಿಂತ ಅರ್ಥವಾಗದ ಪಾಠದ ಭಾರ ದೊಡ್ಡದೆಂಬುದು ಅದರ ಮುಖ್ಯ ನಿಲುವು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಆ ವರದಿಯನ್ನು ಆಧಾರವಾಗಿಟ್ಟುಕೊಂಡಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಸೆಕ್ಷನ್ ಮಕ್ಕಳಿಗೆ ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳವನ್ನು ನಿಷೇಧಿಸಿತು. 2020ರ ಶಾಲಾಚೀಲ ನೀತಿ ಚೀಲದ ತೂಕ ಮಗುವಿನ ತೂಕದ ಶೇಕಡಾ 10ನ್ನು ಮೀರಬಾರದೆಂದಿತು. ತೂಕವನ್ನು ತಕ್ಕಡಿಯಲ್ಲಿ ಅಳೆಯಬಹುದು. ಹೆದರಿಕೆಯನ್ನು ಅಳೆಯುವ ತಕ್ಕಡಿ ಯಾವ ಇಲಾಖೆಯಲ್ಲೂ ಇಲ್ಲ. ಮಗು ಹೇಳಬೇಕು, ಹಿರಿಯರು ನಂಬಬೇಕು.

ನಾರಾಯಣ್ ಅವರ ಮೇಲೆ ಆಕ್ಷೇಪಗಳಿವೆ, ಅವನ್ನು ಮುಚ್ಚಿಡಬೇಕಾಗಿಲ್ಲ. ಅವರು ಕನ್ನಡದಲ್ಲಿ ಬರೆಯಲಿಲ್ಲ. ಮೈಸೂರಿನ ಯಾದವಗಿರಿಯ ಅವರ ಮನೆಯನ್ನು 2011ರಲ್ಲಿ ಕೆಡವತೊಡಗಿದ ಬಳಿಕ, ಅದನ್ನು ಸಾರ್ವಜನಿಕ ಹಣದಿಂದ ಉಳಿಸಬೇಕೇ ಎಂಬ ಪ್ರಶ್ನೆಯನ್ನು ಕೆಲವು ಕನ್ನಡ ಲೇಖಕರು ಎತ್ತಿದರು. ಮನೆ ಉಳಿಯಿತು, 2016ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಇದಕ್ಕಿಂತ ಗಂಭೀರವಾದ ಆಕ್ಷೇಪ ಇನ್ನೊಂದಿದೆ. ಸ್ವಾಮಿ ಮೇಲ್ಜಾತಿಯ, ಅನುಕೂಲಸ್ಥ ವಕೀಲರ ಮಗ. ಮಾಲ್ಗುಡಿಯ ಇನ್ನೊಂದು ಬದಿಯ ಮಕ್ಕಳು ಆ ಕಾದಂಬರಿಯಲ್ಲಿ ಇಣುಕಿ ಮಾಯವಾಗುತ್ತಾರೆ. ಸ್ವಾಮಿಯಿಂದ ಹಣ ಕಿತ್ತುಕೊಳ್ಳುವ ಗಾಡಿಯವನ ಮಗ ಸ್ವಾಮಿಯ ಕಣ್ಣಿಗೆ ಕೇವಲ ಭಯಂಕರನಾಗಿ ಕಾಣುತ್ತಾನೆ. ಆ ಹುಡುಗನಿಗೆ ಯಾವುದರ ಹೆದರಿಕೆಯಿತ್ತೆಂದು ಕಾದಂಬರಿ ಕೇಳುವುದಿಲ್ಲ.

ಈ ಆಕ್ಷೇಪ ನ್ಯಾಯವಾದದ್ದೆಂದು ನಾನು ಒಪ್ಪುತ್ತೇನೆ. ಸುಗ್ಗಿಗೆಂದು, ಕಬ್ಬು ಕಡಿಯಲೆಂದು ತಂದೆತಾಯಿ ಗುಳೆ ಹೋದಾಗ ಅಜ್ಜಿಯೊಡನೆ ಉಳಿಯುವ ನಮ್ಮ ಭಾಗದ ಮಗುವಿನ ಹೆದರಿಕೆ ಕ್ರಿಕೆಟ್ ಪಂದ್ಯ ತಪ್ಪುವ ಹೆದರಿಕೆಯಲ್ಲ. ಸಾಲಿಯಲ್ಲಿ ಎಲ್ಲರೊಡನೆ ಕುಳಿತು ಉಣ್ಣಬಹುದೇ ಎಂದು ಅಳುಕುವ ಮಗುವಿಗೆ ಕಾಣುವ ದೆವ್ವ ಭ್ರಮೆಯೂ ಅಲ್ಲ. ಅಲ್ಲಿ ಹಗ್ಗವೆಂದು ಹಿರಿಯರು ಸಮಾಧಾನ ಹೇಳುವುದು ಎಷ್ಟೋ ಸಲ ನಿಜವಾದ ಹಾವಿನ ಬಗ್ಗೆಯೇ. ಹಾಗಾಗಿಯೇ ನಾರಾಯಣ್ ಹಿಡಿದ ದಾರಿ ಅವರು ನಿಂತಲ್ಲಿಗೇ ಮುಗಿಯಬಾರದು. ಮಗುವಿಗೆ ಕಂಡದ್ದು ಸರಿಯೋ ತಪ್ಪೋ ಎಂದು ತೀರ್ಪು ಕೊಡುವ ಮೊದಲು ಅದು ಏನನ್ನು ಕಂಡಿತೆಂದು ಪೂರ್ತಿ ಕೇಳಿಸಿಕೊಳ್ಳುವ ಶಿಸ್ತನ್ನು ಅವರು ತೋರಿಸಿಕೊಟ್ಟರು. ಆ ಶಿಸ್ತು ವಕೀಲರ ಮನೆಗೂ ತಾಂಡಾಕ್ಕೂ ಒಂದೇ.

ಶಾಲೆಗೆ ಬರಲೊಲ್ಲದ ಮಗುವನ್ನು ದಾಖಲೆಯ ಪುಸ್ತಕದಲ್ಲಿ ಗೈರುಹಾಜರಿ ಎಂದು ಬರೆಯುತ್ತೇವೆ, ಬಹಳ ದಿನ ಬಾರದಿದ್ದರೆ ಶಾಲೆ ಬಿಟ್ಟ ಮಗು ಎನ್ನುತ್ತೇವೆ. ಬೋರ್ಡ್ ಹೈಸ್ಕೂಲಿನ ಪುಸ್ತಕದಲ್ಲಿ ಸ್ವಾಮಿನಾಥನ ಹೆಸರಿನ ಮುಂದೆಯೂ ಅಷ್ಟೇ ಬರೆದಿದ್ದಾರು. ಒಬ್ಬ ವೈದ್ಯರು ನಗದೆ ಎರಡು ಮಾತು ಕೇಳಿದ್ದರೆ, ಒಬ್ಬ ಮುಖ್ಯೋಪಾಧ್ಯಾಯರು ಬೆತ್ತಕ್ಕೆ ಮೊದಲು ಕಾರಣ ವಿಚಾರಿಸಿದ್ದರೆ ಅವನು ಮೆಂಪಿ ರಸ್ತೆ ಹಿಡಿಯುತ್ತಿರಲಿಲ್ಲ. ಕಾಡಿಗೆ ಕಂದೀಲು ಹಿಡಿದು ಹೋಗುವ ಕೆಲಸ ಕೊನೆಯದು. ಅದಕ್ಕಿಂತ ಮುಂಚೆ, ಹಗಲಿನಲ್ಲೇ, ನಮ್ಮ ಸಾಲಿಗಳಲ್ಲಿ ಮಾಡಬಹುದಾದ ಕೆಲಸ ಬಹಳಷ್ಟಿದೆ.